ತೋಳಿನೊಳಗಿನ ಕಾಳು

ಅದರ ಸರಿಯಾದ ಹೆಸರು ಮಾರುದ್ದ ಇತ್ತು. ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರುತ್ತಿತ್ತು. ಹುಬ್ಬಳ್ಳಿಯ ಜನ ಅಂಥದ್ದನ್ನೆಲ್ಲ ಸಹಿಸುವವರಲ್ಲ. ಒಂದೇ ವಾರದಲ್ಲಿ ಅದನ್ನು ‘ಕಾಳು’ ಮಾಡಿ ಕೈ ತೊಳೆದುಕೊಂಡರು. ಇದ್ದದ್ದೂ ಜೋಳದ ಕಾಳಿನಷ್ಟೇ. ಎಡ ತೋಳಿನ ಚರ್ಮದ ಕೆಳಗೆ ದಪ್ಪ ಸೂಜಿಯಿಂದ ಒಮ್ಮೆ ತೂರಿಸಿದರೆ ಆರು ತಿಂಗಳು ಹಸಿವಿನ ಗೊಡವೆಯಿಲ್ಲ.

ಹಾಗಂತ ಕೇಳಿದವರಿಗೆಲ್ಲ ಕೊಡುವ ವಸ್ತು ಅದಲ್ಲ. ಹೊಟ್ಟೆ ಬಿರಿಯುವಷ್ಟು ಉಂಡ ಮೇಲೂ ಕೈ ನಿಲ್ಲದವರಿಗೆ, ಬಾಗಿಲು ಹಾಕಿಕೊಂಡು ಡಬ್ಬಿಗಟ್ಟಲೆ ತಿಂದು ಆಮೇಲೆ ಆ ಡಬ್ಬಿಗಳ ನಡುವೆಯೇ ಕುಳಿತು ಅಳುವವರಿಗೆ ಮಾತ್ರ. ಇದು ಹೊಟ್ಟೆಬಾಕತನವಲ್ಲ, ರೋಗ ಎಂದು ಡಾಕ್ಟರ್ ಇನಾಮದಾರರು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡಿದ್ದರು. ಹೊಟ್ಟೆ ಖಾಲಿಯಾದಾಗ ಅದರ ಗೋಡೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು, ರಕ್ತದ ಜೊತೆ ಮಿದುಳಿಗೆ ಹೋಗಿ ‘ಬೇಕು’ ಎನ್ನುತ್ತದೆ. ಮೈಯ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ‘ಸಾಕು’ ಎನ್ನುತ್ತದೆ. ಕೆಲವರಲ್ಲಿ ಬೇಕು ಎನ್ನುವವನ ಗಂಟಲು ದೊಡ್ಡದು, ಸಾಕು ಎನ್ನುವವನ ಮಾತು ಕೇಳಿಸುವುದೇ ಇಲ್ಲ. ಇನಾಮದಾರರ ಕಾಳು ಮಾಡುತ್ತಿದ್ದುದು ಇಷ್ಟೇ: ರಕ್ತದಲ್ಲಿ ಗ್ರೆಲಿನ್ ಕಂಡಲ್ಲಿ ಹಿಡಿದು ಕಟ್ಟಿಹಾಕುವುದು. ಬೇಕು ಎನ್ನುವವನ ಬಾಯಿ ಮುಚ್ಚಿದರೆ ಸಾಕು ಎನ್ನುವವನ ಅಗತ್ಯವೇ ಬೀಳುವುದಿಲ್ಲ.

ಹುಬ್ಬಳ್ಳಿ-ಧಾರವಾಡದ ನಡುವಿನ ದಿಬ್ಬದ ಮೇಲೆ ಅವರ ಕೇಂದ್ರವಿತ್ತು. ಅಲ್ಲಿನ ನಿಯಂತ್ರಣ ಕೊಠಡಿಯ ಮುಖ್ಯಸ್ಥೆ ದಾಕ್ಷಾಯಿಣಿ. ನಲವತ್ನಾಲ್ಕು ವಯಸ್ಸು, ಮಾತು ಕಡಿಮೆ, ಕೆಲಸ ಕರಾರುವಾಕ್ಕು. ಗೋಡೆಯಗಲದ ಪರದೆಯ ಮೇಲೆ ಕಾಳು ಇಟ್ಟುಕೊಂಡ ಇನ್ನೂರ ಹನ್ನೆರಡು ಜನರ ಹಸಿವು ಇನ್ನೂರ ಹನ್ನೆರಡು ಗೆರೆಗಳಾಗಿ ಹರಿಯುತ್ತಿತ್ತು. ಗೆರೆ ಸಮವಾಗಿದ್ದರೆ ಎಲ್ಲ ಸರಿ. ಎಲ್ಲ ಗೆರೆಗಳೂ ಸಮವಾಗಿಯೇ ಇದ್ದವು.

ಅವಳ ತೋಳಿನಲ್ಲೂ ಒಂದು ಕಾಳು ಇತ್ತು. ಅವಳಿಗೆ ರೋಗವೇನೂ ಇರಲಿಲ್ಲ. ಜನರಿಗೆ ಹಾಕುವ ಮೊದಲು ಕೇಂದ್ರದ ನಾಲ್ಕು ಮಂದಿ ಹಾಕಿಸಿಕೊಂಡು ನೋಡಬೇಕಿತ್ತು, ಅವಳು ಕೈ ಎತ್ತಿದಳು. ಉಳಿದ ಮೂವರು ಎರಡು ತಿಂಗಳಲ್ಲಿ ತೆಗೆಸಿಕೊಂಡರು. ಇವಳು ಆರನೆಯ ತಿಂಗಳಿಗೆ ಮದ್ದು ತುಂಬಿಸಿಕೊಂಡಿದ್ದಳು, ಹತ್ತು ತಿಂಗಳಾದರೂ ತೆಗೆಸಿರಲಿಲ್ಲ. ಬೇಕೆಂದು ಇಟ್ಟುಕೊಂಡದ್ದೂ ಅಲ್ಲ, ತೆಗೆಸಬೇಕು ಎನ್ನಿಸಿರಲಿಲ್ಲ ಅಷ್ಟೆ. ಈಚೆಗೆ ಅವಳಿಗೆ ಯಾವುದೂ ಬೇಕು ಎನ್ನಿಸುತ್ತಿರಲಿಲ್ಲ. ಗಡಿಯಾರ ನೋಡಿ ಎರಡು ರೊಟ್ಟಿ ತಿನ್ನುತ್ತಿದ್ದಳು, ಗಡಿಯಾರ ನೋಡಿ ಮಲಗುತ್ತಿದ್ದಳು.

ಆ ಸೋಮವಾರ ಪರದೆಯ ಮೂಲೆಯಲ್ಲಿ ನೂರಾ ಮೂವತ್ತೇಳನೆಯ ಸಂಖ್ಯೆ ಮಿನುಗಿತು. ಕಾಳಿನ ಮದ್ದು ಮುಗಿಯುತ್ತಾ ಬಂದಿದೆ, ತುಂಬಿಸಬೇಕು ಎಂಬ ಸೂಚನೆ. ಆರು ತಿಂಗಳು ಬರಬೇಕಾದದ್ದು ನಾಲ್ಕಕ್ಕೇ ತಳ ಕಂಡಿತ್ತು.

ನೂರಾ ಮೂವತ್ತೇಳು ಎಂದರೆ ಹೇಮಾವತಿ, ದಾಕ್ಷಾಯಿಣಿಯ ಸ್ವಂತ ತಂಗಿ. ಧಾರವಾಡದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ, ಒಬ್ಬಳೇ ಇದ್ದಳು. ಕೇಂದ್ರದ ಅತ್ಯುತ್ತಮ ಫಲಿತಾಂಶವೂ ಅವಳೇ. ಎಂಬತ್ತೆಂಟು ಕಿಲೋದಿಂದ ಶುರುವಾದ ಅವಳ ತೂಕದ ಗೆರೆ ಇಳಿದು ಇಳಿದು ಐವತ್ತೊಂಬತ್ತಕ್ಕೆ ಬಂದಿತ್ತು. ಹೆಸರು ಹೇಳದೆ ಆ ಗೆರೆಯನ್ನು ಇನಾಮದಾರರು ದಿಲ್ಲಿಯ ಸಭೆಯಲ್ಲಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದರು. ಇಳಿಯುವ ಗೆರೆ ಎಲ್ಲಿಯವರೆಗೆ ಇಳಿಯಬೇಕು ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ.

“ಕಾಳು ಸೋರ್ಲಿಕ್ಕತ್ತಿರಬೇಕು,” ಎಂದರು ಇನಾಮದಾರರು, ಪರದೆ ನೋಡಿ. “ತೆಗೆದು ಬ್ಯಾರೆ ಹಾಕಿಬಿಡ್ರಿ.”

“ಸೋರಿದ್ರ ಗೆರಿ ಮ್ಯಾಲೇಳಬೇಕಿತ್ರಿ ಸರ್. ಗೆರಿ ಹಂಗ ಐತಿ.”

“ಊಟದ ವರದಿ ಏನದ?”

ದಾಕ್ಷಾಯಿಣಿ ತೆಗೆದು ನೋಡಿದಳು. ನಾಲ್ಕು ತಿಂಗಳು, ದಿನಕ್ಕೆ ಎರಡು ಸಲ. ಒಂದೂ ತಪ್ಪಿರಲಿಲ್ಲ. “ಎಲ್ಲಾ ಊಟ ಆಗ್ಯಾವ್ರಿ.”

“ಮತ್ತ ಸೋರಿಕೀನ. ಇಲ್ಲಿಂದ ನೋಡಿದ್ರ ತಿಳಿಯೂದಿಲ್ಲ, ಹೋಗಿ ಬರ್ರಿ,” ಎಂದು ಅವರು ಎದ್ದರು.

ಈ ಊಟದ ವರದಿಯ ಕತೆ ಹೇಳಬೇಕು, ಏಕೆಂದರೆ ಅದು ದಾಕ್ಷಾಯಿಣಿಯದೇ ಬುದ್ಧಿವಂತಿಕೆ. ಮೊದಲು ಹೊರದೇಶದಿಂದ ಬಂದ ಹದಿನಾಲ್ಕು ಪ್ರಶ್ನೆಗಳ ಪಟ್ಟಿಯೊಂದಿತ್ತು. ‘ಕಳೆದ ಹನ್ನೆರಡು ಗಂಟೆಗಳಲ್ಲಿ ನೀವು ಸೇವಿಸಿದ ಘನ ಆಹಾರದ ಪ್ರಮಾಣವನ್ನು ಒಂದರಿಂದ ಹತ್ತರೊಳಗೆ ಅಂದಾಜಿಸಿ’ ಎಂದರೆ ಹಳೇ ಹುಬ್ಬಳ್ಳಿಯ ಯಾವ ತಾಯಿ ಉತ್ತರಿಸುತ್ತಾಳೆ? ಅರ್ಧಕ್ಕರ್ಧ ಜನ ಫೋನೇ ಎತ್ತುತ್ತಿರಲಿಲ್ಲ. ದಾಕ್ಷಾಯಿಣಿ ಇಡೀ ಪಟ್ಟಿ ಕಿತ್ತು ಹಾಕಿ, ತನ್ನದೇ ದನಿಯಲ್ಲಿ ಒಂದೇ ಪ್ರಶ್ನೆ ಮುದ್ರಿಸಿ ಯಂತ್ರಕ್ಕೆ ಕೊಟ್ಟಳು. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಯಂತ್ರ ಫೋನ್ ಮಾಡಿ ಕೇಳುತ್ತಿತ್ತು: “ಊಟ ಆತೇನ್ರಿ?” ಅಂದಿನಿಂದ ನೂರಕ್ಕೆ ನೂರು ಉತ್ತರ. ಇನಾಮದಾರರು ಅವಳ ಬೆನ್ನು ತಟ್ಟಿದ್ದರು.

ಮನೆಗೆ ಬಂದು ಗಂಡನಿಗೆ ರೊಟ್ಟಿ ಬಡಿಸಿದಳು. ವೀರಭದ್ರ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಉಣ್ಣುವಾಗ ಮಾತು ಬೇಕು ಅವನಿಗೆ. ಬದನೆಕಾಯಿ ಪಲ್ಯವನ್ನು ಬೆರಳಿಂದ ನೆಕ್ಕಿ ನೋಡಿದ. ಉಪ್ಪಿರಲಿಲ್ಲ. ಈಚೆಗೆ ಇರುತ್ತಿದ್ದುದೇ ಅಪರೂಪ.

“ಮದಲ ‘ಇನ್ನೊಂದ್ ಹಾಕ್ಲೇನು’ ಅಂತಿದ್ದಿ,” ಎಂದ. “ಈಗ ಔಷಧಿ ಅಂಗಡ್ಯಾಗ ಅಳದು ಕೊಟ್ಟಂಗ ಕೊಡ್ತಿ.”

“ಬೇಕಂದ್ರ ಕೇಳ್ರಿ, ಹಾಕ್ತೀನಿ.”

“ಕೇಳಿ ಹಾಕಿಸ್ಕೊಳ್ಳಾಕ ಇದೇನ್ ಖಾನಾವಳಿ ಏನವಾ?”

ಜಗಳಕ್ಕೆ ಅಷ್ಟು ಸಾಕಿತ್ತು, ಹಿಂದಾದರೆ. ಅವಳು ಉಪ್ಪಿನ ಭರಣಿ ಅವನ ಮುಂದಿಟ್ಟು ಒಳಗೆ ಹೋದಳು. ಅವನ ಮುಖ ಸಪ್ಪಗಾದದ್ದನ್ನು ಕಂಡಳು, ಕಂಡದ್ದು ಒಳಕ್ಕೆ ಇಳಿಯಲಿಲ್ಲ.

ತಂಗಿಗೆ ಫೋನ್ ಮಾಡಿದಳು. “ಊಟ ಆತೇನು?” “ಆತು. ನಿಂದು?” “ಆತು. ನಾಳೆ ಬರ್ತೀನಿ.” “ಹೂಂ.” ಇಬ್ಬರೂ ಇಟ್ಟರು. ನಾಲ್ಕು ತಿಂಗಳಿಂದ ಅವರ ಮಾತು ಇಷ್ಟೇ. ಅದಕ್ಕೂ ಮೊದಲು ದಾಕ್ಷಾಯಿಣಿ ಭಾನುವಾರ ತಪ್ಪದೆ ಧಾರವಾಡಕ್ಕೆ ಹೋಗುತ್ತಿದ್ದಳು. ತಂಗಿಗೆ ಪ್ರೀತಿಯಿಂದ ಮಾಡಿಕೊಂಡು ಹೋಗುವುದು, ಅವಳು ಜಾಸ್ತಿ ತಿಂದಳೆಂದು ಬೈಯುವುದು, ಇಬ್ಬರೂ ಅಳುವುದು. ಈಗ ಒಯ್ಯುವುದಕ್ಕೂ ಇಲ್ಲ, ಬೈಯುವುದಕ್ಕೂ ಇಲ್ಲ. ಹೋಗುವುದು ಯಾತಕ್ಕೆ?

ಹೇಮಾ ಚಿಕ್ಕಂದಿನಿಂದ ಹಾಗೆ. ಹನ್ನೊಂದನೆಯ ವಯಸ್ಸಿನಲ್ಲಿ ಯಾರದೋ ಮದುವೆಯ ಪಂಕ್ತಿಯಲ್ಲಿ ಹದಿನಾರು ಹೋಳಿಗೆ ತಿಂದಳು, ಬಡಿಸುವವರು ನಿಂತು ಎಣಿಸಿ ನಕ್ಕರು. ಆಮೇಲೆ ಅವ್ವ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದಳು. ಅವ್ವ ಸತ್ತ ಮೇಲೆ ಬೀಗದ ಕೆಲಸ ದಾಕ್ಷಾಯಿಣಿಯ ಪಾಲಿಗೆ ಬಂತು. ಬೀಗ ಹಾಕಿದರೆ ಹೇಮಾ ಹಸಿ ಜೋಳದ ಹಿಟ್ಟನ್ನೇ ಮುಕ್ಕುತ್ತಿದ್ದಳು. ಒಮ್ಮೆ ದಾಕ್ಷಾಯಿಣಿ ಹಿಟ್ಟು ಮೆತ್ತಿದ ಅವಳ ಬಾಯಿಯ ಮೇಲೆ ಹೊಡೆದಿದ್ದಳು. ಕಾಳು ಬಂದಾಗ ಮೊದಲು ನೆನಪಾದದ್ದು ಆ ಬಾಯಿ. ತಾನೇ ಕರೆತಂದು ಹಾಕಿಸಿದಳು.

ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ಬಾಗಿಲು ತೆರೆದವಳನ್ನು ಒಂದು ಕ್ಷಣ ಗುರುತು ಹಿಡಿಯಲಾಗಲಿಲ್ಲ. ಕುಪ್ಪಸ ಹೆಗಲಿನಿಂದ ಜಾರುತ್ತಿತ್ತು. ಕೆನ್ನೆ ಒಳಕ್ಕೆ ಹೋಗಿ ಹಲ್ಲು ದೊಡ್ಡದಾಗಿದ್ದವು. ಕೂದಲು ತೆಳುವಾಗಿ ನೆತ್ತಿ ಕಾಣುತ್ತಿತ್ತು. ಮುಖದಲ್ಲಿ ಮಾತ್ರ ಯಾವ ತ್ರಾಸವೂ ಇರಲಿಲ್ಲ.

“ಯಾಕ ಬಂದಿ ಇಷ್ಟ್ ದೂರ? ಫೋನ್ ಮಾಡಿದ್ರ ಆಗ್ತಿತ್ತಲ್ಲ,” ಎಂದಳು ಹೇಮಾ, ಗೋಡೆ ಹಿಡಿದುಕೊಂಡು ನಡೆಯುತ್ತ.

ದಾಕ್ಷಾಯಿಣಿ ನೇರ ಅಡುಗೆಮನೆಗೆ ಹೋದಳು. ಒಲೆಯ ಮೇಲೆ ಧೂಳು. ಹಿಟ್ಟಿನ ಡಬ್ಬಿ ತೆರೆದರೆ ನುಸಿ ಹಾರಿದವು. ಸಿಲಿಂಡರ್ ಎಂದೋ ಮುಗಿದಿತ್ತು.

“ಯಾವಾಗ ಉಂಡಿ ಕಡೀಕ?”

ಹೇಮಾ ನಿಜಕ್ಕೂ ಯೋಚಿಸಿದಳು. “ನಿನ್ನೆ ಲೈಬ್ರರ್ಯಾಗ ಚಾ ಕುಡದೆ. ಮೊನ್ನಿ... ಬಾಳಿಹಣ್ಣು ಇರಬೇಕು. ನೆನಪ ಆಗೂದಿಲ್ಲ ಅಕ್ಕಾ. ನೆನಪಾದ್ರೂ ಬಾಯಾಗ ಮಣ್ಣ್ ಇಟ್ಕೊಂಡಂಗ ಆಗ್ತೈತಿ.”

“ದಿನಾ ಎರಡ್ ಸಲ ಫೋನ್ ಬರ್ತಿತ್ತಲ್ಲ. ಆತು ಅಂತ ಸುಳ್ಳ್ ಯಾಕ ಹೇಳಿದಿ?”

“ಸುಳ್ಳೇನ್ ಬಂತು ಅದ್ರಾಗ?” ಹೇಮಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ಊಟ ಆತೇನು ಅಂದ್ರ ಆತು ಅಂತೀವಿ. ಆಗಿಲ್ಲ ಅಂದ್ರ ಏನ್ ಚಂದ? ಕೇಳಿದವ್ರಿಗೆ ಬಡಸ್ರಿ ಅಂದಂಗ ಆಗ್ತೈತಿ.”

ದಾಕ್ಷಾಯಿಣಿ ಹಿಟ್ಟಿನ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನಿಂತಳು. ಗೆರೆ ಏಕೆ ಸಮವಾಗಿತ್ತು, ಮದ್ದು ಏಕೆ ಬೇಗ ಮುಗಿಯಿತು ಎಂಬುದು ಆಗ ತಿಳಿಯಿತು. ಉಪವಾಸ ಬಿದ್ದ ಮೈ ದಿನದಿಂದ ದಿನಕ್ಕೆ ಹೆಚ್ಚು ಗ್ರೆಲಿನ್ ಕಳಿಸಿದೆ, ಬೇಕು ಬೇಕು ಎಂದು ಬೊಬ್ಬೆ ಹೊಡೆದಿದೆ. ಕಾಳು ಅಷ್ಟನ್ನೂ ಕಟ್ಟಿಹಾಕಿದೆ. ಪರದೆಗೆ ಬರುತ್ತಿದ್ದುದು ಕಟ್ಟಿ ಉಳಿದದ್ದು ಮಾತ್ರ.

ಆಸ್ಪತ್ರೆಯಲ್ಲಿ ಹೇಮಾಳ ತೂಕ ನಲವತ್ತು ಮುಟ್ಟಿರಲಿಲ್ಲ. ಕೇಂದ್ರಕ್ಕೆ ತೂಕ ಕಳಿಸುತ್ತಿದ್ದ ಅವಳ ಮನೆಯ ಯಂತ್ರ ಆರು ವಾರದಿಂದ ಕೆಟ್ಟು ಐವತ್ತೊಂಬತ್ತರಲ್ಲೇ ನಿಂತಿತ್ತು. ಕೇಂದ್ರದಲ್ಲಿ ಎಲ್ಲರೂ ಅದನ್ನು ಗುರಿ ಮುಟ್ಟಿದ ತೂಕವೆಂದು ಓದಿಕೊಂಡಿದ್ದರು. ಇನಾಮದಾರರು ನೋಡಿ, ಹೊರಗೆ ಬಂದು, ಬೆಂಚಿನ ಮೇಲೆ ಕುಳಿತರು.

“ಹೃದಯ ಸೊರಗ್ಯದ,” ಎಂದರು. “ಹತ್ತು ದಿನ ಹಿಂಗ ಹೋದ್ರ ಉಳಿಯೂದಿಲ್ಲ. ಹಂಗಂತ ಒಮ್ಮಿಗೇ ಉಣಿಸಿದ್ರೂ ಉಳಿಯೂದಿಲ್ಲ. ಒಣಗಿದ ಮೈಗೆ ಅನ್ನ ಬಿದ್ದ ಕೂಡ್ಲೆ ರಕ್ತದಾಗಿನ ಲವಣ ಎಲ್ಲಾ ಜೀವಕೋಶದೊಳಗ ಓಡತಾವ, ಎದಿ ನಿಂತುಬಿಡ್ತದ. ಎರಡು ತಾಸಿಗೊಮ್ಮೆ ಹತ್ತು ಚಮಚ ಗಂಜಿ. ಅದಕ್ಕಿಂತ ಒಂದು ಚಮಚಾನೂ ಹೆಚ್ಚಿಲ್ಲ.”

“ಆಕಿ ನುಂಗವಲ್ಲಳ್ರಿ. ಮೂಗಿನ್ಯಾಗ ನಳಿಗಿ ಹಾಕಿದ್ರ ಕಿತ್ತ ಒಗಿತಾಳ.”

“ಕಾಳು ಇರೂತನಕ ನುಂಗೂದಿಲ್ಲ. ಅದರಾಗಿನ ಮದ್ದು ಇನ್ನೂ ಎರಡು ವಾರ ಬರ್ತದ.” ಅವರು ಅವಳ ಮುಖ ನೋಡಲಿಲ್ಲ. “ಇದು ಯಂತ್ರದ ತಪ್ಪಲ್ಲ ದಾಕ್ಷಾಯಿಣಿ.”

“ಅಲ್ರಿ. ಪ್ರಶ್ನಿ ನಂದು.”

ಕೇಂದ್ರಕ್ಕೆ ಹಿಂತಿರುಗಿ, ಯಂತ್ರ ಮುದ್ರಿಸಿಕೊಂಡಿದ್ದ ಉತ್ತರಗಳನ್ನು ಮೊದಲ ಸಲ ಕಿವಿಯಿಂದ ಕೇಳಿದಳು. ಅಲ್ಲಿಯವರೆಗೆ ಅವು ಬರೀ ಹಸಿರು ಚುಕ್ಕೆಗಳು. ಆತ್ರಿ. ಆತವ್ವ. ಈಗಷ್ಟ ಆತ್ ನೋಡ್ರಿ. ನಿಮ್ದು? ಹೆಚ್ಚಿನವರು ತಿರುಗಿ ಕೇಳಿದ್ದರು, ನಿಮ್ದು ಆತೇನ್ರಿ ಎಂದು. ಕೇಳಿ, ಯಂತ್ರದ ಉತ್ತರಕ್ಕಾಗಿ ಒಂದು ಕ್ಷಣ ಕಾದು, ಇಟ್ಟಿದ್ದರು. ನವಲಗುಂದದ ನಿವೃತ್ತ ಮಾಸ್ತರರೊಬ್ಬರು ದಿನಾ ಹೇಳಿದ್ದರು, “ಆತು ತಾಯಿ. ನೀ ಹೊತ್ತಿಗೆ ಸರಿಯಾಗಿ ಉಣ್ಣು.” ಅವರ ಮನೆಗೆ ಆಳು ಕಳಿಸಿದಾಗ ಅವರೂ ಹಾಸಿಗೆ ಹಿಡಿದಿದ್ದರು. ಸಂಜೆಯೊಳಗೆ ಇನ್ನೂರ ಹನ್ನೆರಡು ಮನೆಗಳಿಗೆ ಮನುಷ್ಯರೇ ಫೋನ್ ಮಾಡಿ ‘ಏನ್ ಉಂಡ್ರಿ’ ಎಂದು ಕೇಳಿದರು. ಹೇಮಾಳೂ ಸೇರಿ ಹತ್ತೊಂಬತ್ತು ಮಂದಿಗೆ ಹೇಳಲು ಏನೂ ಇರಲಿಲ್ಲ. ಒಬ್ಬರೂ ಸತ್ತಿರಲಿಲ್ಲ ಎಂಬುದು ಪುಣ್ಯ. ದಾಕ್ಷಾಯಿಣಿ ಪಟ್ಟಿ ಬರೆದು ಇನಾಮದಾರರಿಗೆ ಕೊಟ್ಟಳು. ಅಕ್ಷರಗಳು ಎಂದಿನಂತೆ ದುಂಡಗಿದ್ದವು. ದುಂಡಗಿರಬಾರದಿತ್ತು ಎಂದು ತಿಳಿದಿತ್ತು.

ಹದಿನೆಂಟು ಮಂದಿ ಕಾಳು ನಿಲ್ಲಿಸಲು ಒಪ್ಪಿದರು. ಹೇಮಾ ಒಪ್ಪಲಿಲ್ಲ.

“ನಿಲ್ಲಸಬ್ಯಾಡ ಅಕ್ಕಾ,” ಎಂದಳು, ಹಾಸಿಗೆಯಲ್ಲಿ ಮಲಗಿಕೊಂಡೇ. ದನಿ ಕೇಳಲು ಬಗ್ಗಬೇಕಿತ್ತು. “ನಿನಗ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ನನ್ನ ತಲಿಯಾಗ ಒಬ್ಬ ಕುಂತು ಒದರ್ತಿದ್ದ. ಪಾಠ ಕೇಳೂವಾಗ ಒದರ್ತಿದ್ದ. ಅವ್ವನ ಹೆಣದ ಮುಂದ ಕುಂತಾಗ್ಲೂ ಒದರ್ತಿದ್ದ, ಮನ್ಯಾಗ ಅವಲಕ್ಕಿ ಐತಿ ನಡಿ ಅಂತ. ಈ ನಾಕ್ ತಿಂಗಳು ಅವ ಇಲ್ಲ. ನಾ ಪುಸ್ತಕ ಓದೀನಿ. ಕಿಡಕ್ಯಾಗ ಕುಂತು ಹೊರಗ ನೋಡೀನಿ.”

“ಸಾಯ್ತಿ ಹೇಮಾ.”

“ಸತ್ರ ಸುಮ್ನ ಸಾಯ್ತೀನಿ. ಅವನ್ನ ಮತ್ತ ಕರಕೊಂಡ್ ಬರಬ್ಯಾಡ, ಕೈ ಮುಗೀತೀನಿ.” ನಿಜಕ್ಕೂ ಕೈ ಜೋಡಿಸಿದಳು. ಮಣಿಕಟ್ಟಿನ ಮೂಳೆಗಳು ಎದ್ದು ಕಾಣುತ್ತಿದ್ದವು.

ನಿಯಂತ್ರಣ ಕೊಠಡಿಯಿಂದ ಯಾವ ಕಾಳನ್ನಾದರೂ ನಿಲ್ಲಿಸುವ ಅಧಿಕಾರ ದಾಕ್ಷಾಯಿಣಿಗಿತ್ತು. ರೋಗಿಯ ಒಪ್ಪಿಗೆ ಬೇಕೆಂಬ ನಿಯಮವೂ ಇತ್ತು. ಅವಳು ಪರದೆಯ ಮುಂದೆ ಕುಳಿತಳು. ತಂಗಿ ಸುಖವಾಗಿ ಸಾಯಲು ಬಯಸುತ್ತಾಳೆ. ಬದುಕಿಸಿದರೆ ಅವಳ ಮೈಗೆ ನರಕ ವಾಪಸು. ಯಾವುದು ದೊಡ್ಡದು ಎಂದು ತೂಗಿ ನೋಡಲು ಒಳಗೆ ಏನಾದರೂ ಮಿಸುಕಬೇಕಲ್ಲ. ಮಿಸುಕಲಿಲ್ಲ. ಅವ್ವ ಸಾಯುವಾಗ ‘ಆಕೀನ ನೋಡ್ಕೋ’ ಅಂದಿದ್ದಳು ಎಂಬ ಸಂಗತಿ, ಪಾಠದ ಹಾಗೆ, ನೆನಪಿತ್ತು. ಅಷ್ಟರ ಮೇಲೆಯೇ ನೂರಾ ಮೂವತ್ತೇಳನ್ನು ನಿಲ್ಲಿಸಿದಳು. ನಿಯಮ ಮುರಿದದ್ದಕ್ಕೆ ರಾಜೀನಾಮೆ ಬರೆದು ಇನಾಮದಾರರ ಮೇಜಿನ ಮೇಲಿಟ್ಟಳು. ಗೆರೆ ಏಳುವುದನ್ನು ನಿಂತು ನೋಡಿದಳು. ಪರದೆಯ ಮೇಲ್ಗಡೆ ದಾಟಿ ಅದು ಎಲ್ಲಿಗೋ ಹೋಯಿತು.

ಹಸಿವು ಹೇಮಾಳಿಗೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಬಂತು. ನಾಲ್ಕು ತಿಂಗಳದ್ದು, ಒಟ್ಟಿಗೆ. ಮೊದಲು ಅವಳು ಅಕ್ಕನನ್ನು ಬೈದಳು. ಆಮೇಲೆ ಬೇಡಿದಳು. ಹತ್ತು ಚಮಚ ಮುಗಿದ ಮೇಲೆ ಬಟ್ಟಲು ನೆಕ್ಕಿದಳು, ಹೊದಿಕೆಯ ಅಂಚು ಬಾಯಿಗೆ ಹಾಕಿಕೊಂಡು ಜಗಿದಳು. ಪಕ್ಕದ ಹಾಸಿಗೆಯವರಿಗೆ ಬಂದ ಚಪಾತಿಯ ವಾಸನೆಗೆ ಎದ್ದು, ನಿಲ್ಲಲಾಗದೆ, ನೆಲಕ್ಕೆ ಬಿದ್ದಳು. ದಾಕ್ಷಾಯಿಣಿ ಎತ್ತಿ ಮಲಗಿಸಿದಳು. ಗಂಜಿ ತುಂಬಿದ ಫ್ಲಾಸ್ಕನ್ನು ತನ್ನ ಕುರ್ಚಿಯ ಹಿಂದೆ ಇಟ್ಟುಕೊಂಡು ಗಡಿಯಾರ ನೋಡುತ್ತ ಕುಳಿತಳು. ಎರಡು ತಾಸು, ಹತ್ತು ಚಮಚ. ಎರಡು ತಾಸು, ಹತ್ತು ಚಮಚ. ಉಂಡವನೇನು ಬಲ್ಲ ಹಸಿದವನ ಸಂಕಟ ಅನ್ನುತ್ತಾರೆ. ಇವಳು ಉಂಡವಳೂ ಅಲ್ಲ, ಹಸಿದವಳೂ ಅಲ್ಲ.

ಮೂರನೆಯ ದಿನ ಹೇಮಾ ಬೇಡುವುದನ್ನು ಬಿಟ್ಟಳು. ಅಕ್ಕನ ಎಡ ತೋಳನ್ನೇ ನೋಡುತ್ತ ಹೇಳಿದಳು, “ನಿಂದು ಹಂಗ ಐತಲ್ಲ. ಅದಕ್ಕ ಇಷ್ಟ್ ಚಂದ ಕುಂದ್ರಾಕ ಬರ್ತೈತಿ ನಿನಗ. ಅದನ್ನ ನಿಲ್ಲಿಸು. ನಿಲ್ಲಿಸಿ ಬಂದು ನನಗ ಹತ್ತ ಚಮಚ ಅಳದು ಹಾಕು, ನೋಡೂಣು.”

ಕೋಪ ಬರಲಿಲ್ಲ ದಾಕ್ಷಾಯಿಣಿಗೆ. ಮಾತು ನ್ಯಾಯವಾಗಿದೆ ಎನ್ನಿಸಿತು, ಅಷ್ಟೆ. ಕೇಂದ್ರಕ್ಕೆ ಫೋನ್ ಮಾಡಿ ತನ್ನದನ್ನೂ ನಿಲ್ಲಿಸಲು ಹೇಳಿದಳು.

ಒಂದು ರಾತ್ರಿ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಫ್ಲಾಸ್ಕಿನ ಮುಚ್ಚಳ ತೆಗೆದಾಗ ಗಂಜಿಗೆ ವಾಸನೆ ಇತ್ತು. ಹತ್ತು ತಿಂಗಳಲ್ಲಿ ಯಾವುದಕ್ಕೂ ವಾಸನೆ ಇದ್ದದ್ದು ಅವಳಿಗೆ ನೆನಪಿಲ್ಲ. ಬೆಂದ ಅಕ್ಕಿ, ಸ್ವಲ್ಪ ಉಪ್ಪು, ಒಗ್ಗರಣೆಯೂ ಇಲ್ಲದ ಬಿಳಿ ನೀರು. ಬಾಯಲ್ಲಿ ನೀರು ಬಂದು ಗದ್ದದ ಮೇಲೆ ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಹೇಮಾಳಿಗೆ ಹತ್ತು ಚಮಚ ಹಾಕಿದಳು. ಒಂದೊಂದು ಚಮಚ ತಂಗಿಯ ಬಾಯಿಗೆ ಹೋದಾಗಲೂ ತನ್ನ ಬಾಯಿ ತೆರೆದುಕೊಳ್ಳುತ್ತಿತ್ತು. ಹೇಮಾ ಅದನ್ನು ಕಂಡಳು.

ಬಟ್ಟಲು ಕೆಳಗಿಟ್ಟು, ಫ್ಲಾಸ್ಕ್ ಮುಚ್ಚಿ, ದಾಕ್ಷಾಯಿಣಿ ಕುಳಿತಳು. ಕ್ಯಾಂಟೀನಿಗೆ ಹೋಗಿ ಏನಾದರೂ ತಿಂದು ಬರಬಹುದಿತ್ತು. ಎರಡು ಮಹಡಿ ಕೆಳಗೆ. ಅಷ್ಟು ದೂರ ನಡೆಯುವ ತಾಳ್ಮೆ ಇಲ್ಲದಾಯಿತು. ತಲೆಯೊಳಗೆ ಒಬ್ಬ ಕುಳಿತು ಒದರತೊಡಗಿದ. ಮೈಯೆಲ್ಲ ಅವನದೇ ಮಾತು. ಹೇಮಾ ನೋಡುತ್ತಿದ್ದಾಳೆ, ಹೇಮಾ ಹಸಿದು ಮಲಗಿದ್ದಾಳೆ, ಇದು ಹೇಮಾಳ ಗಂಜಿ. ಎಲ್ಲ ಗೊತ್ತಿತ್ತು. ಕೈ ಆಗಲೇ ಮುಚ್ಚಳ ತಿರುಗಿಸುತ್ತಿತ್ತು. ಕುಳಿತಲ್ಲೇ ಫ್ಲಾಸ್ಕ್ ಎತ್ತಿ ಬಾಯಿಗಿಟ್ಟಳು. ಬಿಸಿ ಗಂಜಿ ನಾಲಿಗೆ ಸುಟ್ಟಿತು, ಗದ್ದದಿಂದ ಕೊರಳಿಗೆ, ಕುಪ್ಪಸದೊಳಕ್ಕೆ ಇಳಿಯಿತು. ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು, ಗುಟುಕರಿಸುವುದು ನಿಲ್ಲಲಿಲ್ಲ. ಅಳು ಬಂತು. ಅಳುತ್ತಲೇ ಕುಡಿದಳು.

“ಅಕ್ಕಾ,” ಎಂದಳು ಹೇಮಾ.

ದಾಕ್ಷಾಯಿಣಿ ಫ್ಲಾಸ್ಕ್ ಕೆಳಗಿಳಿಸಿ ಕಣ್ಣು ತೆರೆದಳು. ಬಾಯಿ ತುಂಬ ಗಂಜಿ ಇತ್ತು, ಮಾತಾಡಲಾಗಲಿಲ್ಲ.

“ಗಾಬರಿ ಆಗಬ್ಯಾಡ. ಸಾವಕಾಶ ಕುಡಿ,” ಎಂದಳು ಹೇಮಾ. “ನಾ ನೋಡೂದಿಲ್ಲ.”

ಹಾಸಿಗೆಯ ಕಂಬಿ ಹಿಡಿದು, ಎರಡು ಸಲ ಸೋತು, ಮೂರನೆಯ ಸಲಕ್ಕೆ ಅವಳು ಗೋಡೆಯ ಕಡೆ ಹೊರಳಿ ಮಲಗಿದಳು.